ಪೀಣ್ಯದ ಶೆಡ್ಡು, ಮಾವನ ಡೈರಿ

2019ರ ಆಯುಧಪೂಜೆಗೆ ಮಾವನ ಶೆಡ್ಡಿಗೆ ಹೋಗಿದ್ದೆ. ಬೆಂಗಳೂರಿನ ಪೀಣ್ಯ ಸೆಕೆಂಡ್ ಸ್ಟೇಜಲ್ಲಿದೆ, ಎರಡು ಲೇತು, ಒಂದು ಮಿಲ್ಲಿಂಗು, ಲೋನಲ್ಲಿ ತಗೊಂಡಿರೋ ಒಂದು ಸಿಎನ್‌ಸಿ (ಕಂಪ್ಯೂಟರ್ ಹೇಳಿದಂಗೆ ಓಡೋ ಮಷಿನ್), ಅಷ್ಟೆ. ಪ್ರತಿ ವರ್ಷ ಪೂಜೆ ಹಿಂದಿನ ರಾತ್ರಿ ಹನ್ನೊಂದಾದ್ರೂ ಮಷಿನ್ ಒರೆಸೋಕೆ ಪುರುಸೊತ್ತು ಇರ್ತಿರ್ಲಿಲ್ಲ, ಆ ಸಲ ಮಾತ್ರ ಹುಡುಗ್ರು ಮೂರು ದಿನದಿಂದ ಉಜ್ಜಿ ಉಜ್ಜಿ ಲೇತ್ ಬೆಡ್ಡು ಕನ್ನಡಿ ಥರ ಹೊಳೀತಿತ್ತು. "ಏನ್ ಮಾವ, ಸೂಪರಾಗಿದೆ" ಅಂದೆ. ಮಾವ ಬೂದುಗುಂಬಳಕಾಯಿಗೆ ಕುಂಕುಮ ತುಂಬ್ತಾ "ಕೆಲ್ಸ ಇಲ್ಲ ಕಣೋ, ಅದಕ್ಕೇ ಹೊಳೀತಿದೆ" ಅಂದ್ರು.

ಆ ವರ್ಷ ಗೊತ್ತಲ್ಲ, ಆಗಸ್ಟಲ್ಲಿ ದೇಶದಲ್ಲಿ ಕಾರು ಮಾರಾಟ ಹಿಂದಿನ ವರ್ಷಕ್ಕಿಂತ 31 ಪರ್ಸೆಂಟಿಗೂ ಜಾಸ್ತಿ ಬಿದ್ದಿತ್ತು. 2018ರಲ್ಲಿ ಐಎಲ್ ಅಂಡ್ ಎಫ್ಎಸ್ ಅನ್ನೋ ದೊಡ್ಡ ಫೈನಾನ್ಸ್ ಕಂಪನಿ ಮುಗ್ಗರಿಸಿದ ಮೇಲೆ ಬೇರೆ ಫೈನಾನ್ಸ್ ಕಂಪನಿಗಳು ಸಾಲ ಕೊಡೋಕೇ ಹಿಂದೆಮುಂದೆ ನೋಡ್ತಿದ್ವು, ಜೊತೆಗೆ 2020ರ ಏಪ್ರಿಲ್‌ನಿಂದ ಗಾಡಿ ಹೊಗೆಯ ಹೊಸ ರೂಲ್ ಬಿಎಸ್-6 ಬರುತ್ತೆ ಅಂತ ಜನ ಕಾಯ್ತಾ ಕೂತ್ರು. ಮಾವ ಮಾಡೋದು ಗಾಡಿಗೆ ಹಾಕೋ ಬುಶ್ಶು (ಸಣ್ಣ ಲೋಹದ ಕೊಳವೆ), ಪಿನ್ನು. ಅವು ಒಂದು ಕಂಪನಿಗೆ ಹೋಗಿ, ಅಲ್ಲಿಂದ ಇನ್ನೊಂದು ದೊಡ್ಡ ಕಂಪನಿಗೆ ಹೋಗಿ, ಆಮೇಲೆ ಗಾಡಿಗೆ ಸೇರ್ತವೆ. ಕಾರು ತಗೊಳೋರು ಯಾರು, ಶೋರೂಮ್ ಎಲ್ಲಿದೆ, ಮಾವನಿಗೆ ಏನೂ ಗೊತ್ತಿಲ್ಲ, ಆದ್ರೆ ಹೊಡೆತ ಬಂದು ಬೀಳೋದು ಇಲ್ಲಿಗೇ.

ನಾನು ಸಾಫ್ಟ್‌ವೇರಲ್ಲಿರೋನು, ಮೈಕ್ರೋಮೀಟರ್ ಹಿಡಿಯೋಕೂ ಬರಲ್ಲ. ಆದ್ರೂ ಅತ್ತೆ ಬಳೆ ಅಡ ಇಟ್ಟಿದಾರೆ ಅಂತ ಅಮ್ಮನ ಬಾಯಿಂದ ಗೊತ್ತಾದ್ಮೇಲೆ ಸುಮ್ನಿರೋಕಾಗ್ಲಿಲ್ಲ, ಶನಿವಾರ ಶನಿವಾರ ಹೋಗಿ ಕೂರೋಕೆ ಶುರು ಮಾಡ್ದೆ. "ಹೊಸ ಆರ್ಡರ್ ಹುಡುಕ್ಬೇಕು ಕಣೋ, ವೆಬ್‌ಸೈಟ್ ಮಾಡ್ಕೊಡು" ಅಂದ್ರು. ಲೆಕ್ಕ ತೋರ್ಸಿ ಮಾವ ಅಂದೆ. ಲೆಕ್ಕ ಅಂದ್ರೆ ಟೂಲ್ ಅಂಗಡಿಯವ್ರು ಫ್ರೀಯಾಗಿ ಕೊಟ್ಟಿದ್ದ ಒಂದು ಡೈರಿ, ಎಣ್ಣೆ ಕೈ ಮುಟ್ಟಿ ಮುಟ್ಟಿ ಹಾಳೆಗಳೆಲ್ಲ ಗಾಜಿನ ಥರ ಆಗಿದ್ವು, ಈ ಕಡೆ ಬರೆದಿದ್ದು ಆ ಕಡೆ ಕಾಣ್ಸುತ್ತೆ. ಎರಡು ಶನಿವಾರ ಕೂತು ಎಕ್ಸೆಲ್ಲಿಗೆ ಏರಿಸಿದ್ರೆ ಹನ್ನೊಂದು ಪಾರ್ಟಿಯಿಂದ ಬರ್ಬೇಕಾಗಿದ್ದು 9 ಲಕ್ಷದ 40 ಸಾವಿರ! ಶೆಡ್ಡಿನ ತಿಂಗಳ ಖರ್ಚು ಬಾಡಿಗೆ, ಇಎಂಐ, ನಾಲ್ಕು ಜನರ ಸಂಬಳ, ಕರೆಂಟು ಎಲ್ಲ ಸೇರಿ 1 ಲಕ್ಷ 60 ಸಾವಿರ. ಅಂದ್ರೆ ಹತ್ರತ್ರ ಆರು ತಿಂಗಳು ನಡೆಸೋ ದುಡ್ಡು ಬೇರೆಯವ್ರ ಹತ್ರ ಇದೆ, ಇಲ್ಲಿ ಅತ್ತೆ ಬಳೆ ಗಿರವಿ ಅಂಗಡೀಲಿದೆ.

ಇದ್ರ ಮೇಲೆ ಜಿಎಸ್‌ಟಿ ಕಥೆ ಬೇರೆ. ಆಗ ಬಿಲ್ ಹಾಕಿದ ಮುಂದಿನ ತಿಂಗಳು 20ನೇ ತಾರೀಖಿಗೆ ಟ್ಯಾಕ್ಸ್ ಕಟ್ಬೇಕಿತ್ತು, ಪಾರ್ಟಿ ದುಡ್ಡು ಕೊಟ್ಟಿರ್ಲಿ ಬಿಡ್ಲಿ. ಸೆಪ್ಟೆಂಬರ್ ಬಿಲ್ಲಿಗೆ ಮಾವ ಅಕ್ಟೋಬರಲ್ಲಿ ಕೈಯಿಂದ ಕಟ್ತಾರೆ, ಪಾರ್ಟಿ ಫೆಬ್ರವರೀಲಿ ಕೊಡ್ತಾನೆ. ಇಂಜಿನಿಯರಿಂಗ್ ಜಾಬ್‌ವರ್ಕಿಗೆ (ಬೇರೆಯವ್ರ ಮಾಲಿನ ಮೇಲೆ ಕೆಲ್ಸ ಮಾಡ್ಕೊಡೋದು) ಆ ಅಕ್ಟೋಬರಿಂದ 18 ಪರ್ಸೆಂಟ್ ಟ್ಯಾಕ್ಸ್ ಇದ್ದಿದ್ದು 12 ಆಯ್ತು, ಒಂಚೂರು ಉಸಿರಾಡೋ ಹಾಗಾಯ್ತು.

"ಫೋನ್ ಮಾಡಿ ಕೇಳಿ ಮಾವ" ಅಂದ್ರೆ "ಹೆಂಗೋ ಕೇಳೋದು, ಹದಿನೈದು ವರ್ಷದ ಪಾರ್ಟಿ" ಅಂತಾರೆ. ಸಂಕೋಚ! ಕೊಡ್ಬೇಕಾದವ್ನು ಆರಾಮಾಗಿದಾನೆ, ಕೇಳೋಕೆ ಇವ್ರಿಗೆ ನಾಚಿಕೆ. ಕೊನೆಗೆ ನಾನೇ ಮಾಡ್ದೆ. ಮೊದಲ ವಾರ ಪೂರ್ತಿ "ಅಕೌಂಟ್ಸ್ ಮೇಡಂ ಊಟಕ್ಕೆ ಹೋಗಿದಾರೆ", ಬೆಳಗ್ಗೆ ಹತ್ತೂವರೆಗೂ ಊಟ. ಸರಿ ಅಂತ ಅತಿ ದೊಡ್ಡ ಬಾಕಿ ಇದ್ದ ಕಂಪನಿಗೆ ಡಿಸಿ (ಮಾಲು ತಲುಪಿಸಿದ ಚಲನ್) ಕಾಪಿಗಳನ್ನ ಫೈಲ್ ಮಾಡ್ಕೊಂಡು ನಾನೇ ಹೋದೆ. ಹೋದ್ಮೇಲೆ ಗೊತ್ತಾಗಿದ್ದು, ಮೂರು ಬಿಲ್ಲು ಅವ್ರ ಸಿಸ್ಟಮ್ಮಿಗೇ ಏರಿಲ್ಲ, ಡಿಸಿ ನಂಬರ್ ಒಂದು, ಬಿಲ್ಲಲ್ಲಿ ಬರೆದಿರೋದು ಇನ್ನೊಂದು. ನಮ್ಮ ತಪ್ಪು! ಸ್ಟೋರ್ಸಲ್ಲಿ ಸೀಲ್ ಹಾಕಿಸ್ಕೊಂಡು ಬಿಲ್ ಸರಿ ಮಾಡಿ ಕೊಟ್ಟೆ, ಹತ್ತೊಂಬತ್ತು ದಿನಕ್ಕೆ 2 ಲಕ್ಷ 10 ಸಾವಿರ ಬಂತು. ಅವತ್ತು ಮೊದಲು ಬಿಡಿಸಿದ್ದು ಬಳೆ.

ಸಣ್ಣ ಉದ್ಯಮಕ್ಕೆ 45 ದಿನದೊಳಗೆ ದುಡ್ಡು ಕೊಡ್ಬೇಕು, ತಪ್ಪಿದ್ರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ ಅಂತ 2006ರ ಕಾನೂನೇ ಇದೆ, ಕಂಪ್ಲೇಂಟ್ ಕೊಡೋಕೆ ಆಗ ಸಮಾಧಾನ್ ಅಂತ ಪೋರ್ಟಲ್ ಕೂಡ ಇತ್ತು. ಮಾವನಿಗೆ ಹೇಳಿದ್ರೆ "ಕೇಸ್ ಹಾಕಿ ಗೆದ್ಬಿಟ್ಟೆ ಅನ್ಕೋ, ನಾಳೆಯಿಂದ ಕೆಲ್ಸ ಯಾರ್ ಕೊಡ್ತಾರೆ, ನೀನ್ ಕೊಡ್ತೀಯಾ?" ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗ್ಲೂ ಇಲ್ಲ. ಬಿಲ್ಲಿನ ಕೆಳಗೆ ಆ ಕಾನೂನಿನ ಒಂದು ಸಾಲು ಪ್ರಿಂಟ್ ಹಾಕಿಸಿದ್ದಷ್ಟೇ.

ಆಮೇಲೆ ಜಗಳ ಆಗಿದ್ದು ರೇಟಿನ ವಿಷಯಕ್ಕೆ. ಒಂದಿನ ಮೊಬೈಲಲ್ಲಿ ಸ್ಟಾಪ್‌ವಾಚ್ ಇಟ್ಕೊಂಡು ಆಪರೇಟರ್ ಪಕ್ಕ ನಿಂತೆ, ಪೀಸ್ ಹಾಕೋದು, ಟರ್ನಿಂಗು, ತೆಗೆಯೋದು, ಗೇಜ್ ಹಾಕಿ ನೋಡೋದು ಎಲ್ಲ ಸೇರಿಸಿ. ಇನ್ಸರ್ಟು (ಲೋಹ ಕೊರೆಯೋ ತುದಿ), ಕೂಲಂಟು, ಕರೆಂಟು, ರಿಜೆಕ್ಷನ್ ಲೆಕ್ಕ ಹಾಕಿದ್ರೆ ಬುಶ್ಶಿಗೆ 4 ರೂಪಾಯಿ 70 ಪೈಸೆ ಬೀಳ್ತಿದೆ, ಮಾವ ತಗೋತಿದ್ದಿದ್ದು 4.20, 2016ರ ರೇಟು. ಅತಿ ಹೆಚ್ಚು ಓಡ್ತಿದ್ದ ಕೆಲ್ಸದಲ್ಲೇ ಪೀಸಿಗೆ ಐವತ್ತು ಪೈಸೆ ಲಾಸು! ಮಾವ ಎರಡು ವಾರ ನನ್ನ ಹತ್ರ ಮಾತಾಡ್ಲಿಲ್ಲ. ಮೂರನೇ ವಾರ ಅವ್ರೇ ಹೋಗಿ 5 ರೂಪಾಯಿ ಕೇಳಿ 4.90ಕ್ಕೆ ಒಪ್ಪಿಸ್ಕೊಂಡು ಬಂದ್ರು, ನಂಗೆ ಹೇಳಿದ್ದು ಅತ್ತೆ.

ಇಷ್ಟಾಗೋಷ್ಟರಲ್ಲಿ ಲಾಕ್‌ಡೌನ್. ಒಡಿಶಾ ಹುಡುಗ್ರಿಬ್ರು ಊರಿಗೆ ಹೋದ್ರು. ಸಾಲದ ಕಂತು ಮುಂದೂಡೋ ಮೊರಟೋರಿಯಂ ಅಂದ್ರೆ ಮನ್ನಾ ಅಂತ ಪಕ್ಕದ ಶೆಡ್ಡವ್ರು ಸ್ವೀಟ್ ಹಂಚೋದೊಂದು ಬಾಕಿ, ಬಡ್ಡಿ ಓಡ್ತಾನೇ ಇರುತ್ತೆ ಅಂತ ಹೇಳಿ ಹೇಳಿ ಸಾಕಾಯ್ತು. ಕೇಂದ್ರ ಸರ್ಕಾರ ಗ್ಯಾರಂಟಿ ನಿಂತು ಕೊಡಿಸಿದ ಸಾಲ ನಿಜಕ್ಕೂ ಕೈ ಹಿಡೀತು. 2020ರ ಫೆಬ್ರವರಿ 29ಕ್ಕೆ ಇದ್ದ ಸಾಲದ ಬಾಕಿಯ 20 ಪರ್ಸೆಂಟ್, ಹೊಸದಾಗಿ ಏನೂ ಅಡ ಇಡ್ಬೇಕಾಗಿಲ್ಲ, ಮೊದಲ ವರ್ಷ ಬರೀ ಬಡ್ಡಿ. ನಮಗೆ 16 ಲಕ್ಷಕ್ಕೆ 3 ಲಕ್ಷ 20 ಸಾವಿರ ಬಂತು. ಅಷ್ಟರಲ್ಲಿ ಟ್ರಾಕ್ಟರ್ ಮಾರಾಟ ಏರ್ತಿತ್ತು, ಮಾವನ ಹಳೇ ದೋಸ್ತ್ ಒಬ್ರು ಟ್ರಾಕ್ಟರ್ ಪಿನ್ನಿನ ಕೆಲ್ಸ ಕೊಡಿಸಿದ್ರು. ವೆಬ್‌ಸೈಟ್ ಇವತ್ತಿಗೂ ಮಾಡಿಲ್ಲ.

2024ರ ಮಾರ್ಚಲ್ಲಿ ಒಂದು ತಮಾಷೆ ಆಯ್ತು. ಸಣ್ಣ ಉದ್ಯಮಕ್ಕೆ ಟೈಮಿಗೆ ದುಡ್ಡು ಕೊಡದಿದ್ರೆ ಆ ವರ್ಷ ಅದನ್ನ ಖರ್ಚು ಅಂತ ತೋರಿಸೋ ಹಾಗಿಲ್ಲ ಅಂತ ಇನ್‌ಕಮ್ ಟ್ಯಾಕ್ಸ್ ರೂಲ್ ಬಂತಲ್ಲ, ಆ ಊಟದ ಅಕೌಂಟ್ಸ್ ಮೇಡಂ ಅವ್ರೇ ಮಾವನಿಗೆ ಫೋನ್ ಮಾಡಿ "ಸಾರ್, ನಿಮ್ ಉದ್ಯಮ್ ಸರ್ಟಿಫಿಕೇಟ್ ಕಳ್ಸಿ, ಬಾಕಿ ಎಷ್ಟಿದೆ ಹೇಳಿ" ಅಂದ್ರಂತೆ (ಸಣ್ಣ ಉದ್ಯಮ ಅಂತ ನೋಂದಾಯಿಸಿರೋ ಸರ್ಟಿಫಿಕೇಟ್ ಅದು). ಮಾವ ಫೋನ್ ಮುಚ್ಕೊಂಡು ನನ್ನ ಕಡೆ ತಿರುಗಿ "ಊಟಕ್ಕೆ ಹೋಗಿದೀನಿ ಅಂತ ಹೇಳ್ಲೇನೋ" ಅಂದ್ರು.