ಕಾರ್ಡಿನ ಹಿಂದೆ ಬರೆದದ್ದು

"ಅಲ್ಲಿ ಏನು ಬರೆದಿದೆ ಅಂತ ಓದಿದ್ರಾ?" ಶನಿವಾರದಿಂದ ಈ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ನಮ್ಮ ಪಕ್ಕದ ಮನೆಯ ಹಿರಿಯರು ಆಟಗಾರರ ಚಿತ್ರವಿರುವ ಹಳೇ ಕಾರ್ಡುಗಳನ್ನು ಕೊಂಡು ಮಾರುವ ಅಂಗಡಿಯ ಹುಡುಗನನ್ನು ಕೇಳಿದ್ದು ಇಷ್ಟೇ. ದನಿ ಕೂಡ ಏರಿಸಲಿಲ್ಲ.

ಅವರು ಕಾರು ಓಡಿಸುವುದನ್ನು ಬಿಟ್ಟಿದ್ದಾರೆ, ಹಾಗಾಗಿ ನಾನೇ ಕರೆದುಕೊಂಡು ಹೋಗಿದ್ದೆ. ಕೋಟಿನ ಒಳಜೇಬಿನಲ್ಲಿ ಒಂದು ಹಳೇ ಲಕೋಟೆ. ಅದರೊಳಗೆ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿಯ ಮೊದಲ ಕಾರ್ಡು, ಓ-ಪೀ-ಚೀ ಎಂಬ ಕಂಪನಿಯ 1979ರ ಕಾರ್ಡು, ನಂಬರ್ 18. ಕೆನಡಾಕ್ಕೆ ಬಂದು ಇಷ್ಟು ವರ್ಷವಾದರೂ ನನಗೆ ಐಸ್ ಹಾಕಿ ಅಷ್ಟಕ್ಕಷ್ಟೇ. ಆದರೆ ಗ್ರೆಟ್ಸ್ಕಿ ಹೆಸರು ಗೊತ್ತಿಲ್ಲದೆ ಇಲ್ಲಿ ಬದುಕುವುದು ಕಷ್ಟ. ದಾರಿಯುದ್ದಕ್ಕೂ ಅವರು ಅವನ ಮಾತೇ ಆಡಿದರು. 894 ಗೋಲಿನ ದಾಖಲೆಯನ್ನು 2025ರಲ್ಲಿ ಒವೆಚ್ಕಿನ್ ಎಂಬ ಆಟಗಾರ ದಾಟಿದ, ದಾಟಲಿ ಬಿಡಿ, ಆದರೆ ಗ್ರೆಟ್ಸ್ಕಿಯ ಗೋಲುಗಳನ್ನೆಲ್ಲ ತೆಗೆದುಹಾಕಿ ಬರೀ ಅಸಿಸ್ಟ್, ಅಂದರೆ ಜೊತೆಯವರ ಗೋಲಿಗೆ ನೆರವಾದದ್ದನ್ನು ಎಣಿಸಿದರೂ 1,963 ಆಗುತ್ತದೆ, ಬೇರೆ ಯಾವ ಆಟಗಾರನ ಗೋಲು ಅಸಿಸ್ಟ್ ಎರಡೂ ಕೂಡಿಸಿದರೂ ಅಷ್ಟು ಬರುವುದಿಲ್ಲ ಎಂದರು. ಹೇಳುವಾಗ ಮುಖದಲ್ಲಿ ಸ್ವಂತ ತಮ್ಮನ ಮಾರ್ಕ್ಸ್ ಹೇಳುವ ಖುಷಿ.

ಅಂಗಡಿಯ ಹುಡುಗ ಭೂತಗನ್ನಡಿ ಹಿಡಿದು ನೋಡಿದ. ಈ ಕಾರ್ಡಿನ ನಕಲಿಗಳು ಬಹಳ ಇವೆಯಂತೆ. "ಅಸಲಿ" ಎಂದ. ನನಗೇ ಎದೆ ಹಗುರವಾಯಿತು. ಆಮೇಲೆ ಶುರುವಾಯಿತು ನೋಡಿ. ಸುತ್ತಲಿನ ನೀಲಿ ಅಂಚಿನಲ್ಲಿ ಅಲ್ಲಲ್ಲಿ ಬಣ್ಣ ಎದ್ದಿದೆ. ಮೂಲೆಗಳು ಸವೆದಿವೆ. ಆಗ ಓ-ಪೀ-ಚೀಯವರು ಹಾಳೆಗಳನ್ನು ತಂತಿಯಿಂದ ಕತ್ತರಿಸುತ್ತಿದ್ದರಂತೆ, ಪೊಟ್ಟಣದಿಂದ ಬರುವಾಗಲೇ ಅಂಚು ಒರಟು. ಅದಕ್ಕೇ ಈ ಕಾರ್ಡು ಸಾವಿರಾರು ಇದ್ದರೂ ಕುಂದಿಲ್ಲದ್ದು ಸಿಗುವುದಿಲ್ಲ. ಪಿಎಸ್‌ಎ ಎಂಬ, ಕಾರ್ಡುಗಳ ಸ್ಥಿತಿಗೆ ಅಂಕ ಕೊಡುವ ಸಂಸ್ಥೆ ಹತ್ತಕ್ಕೆ ಹತ್ತು ಅಂಕ ಕೊಟ್ಟದ್ದು ಎರಡೇ ಎರಡಕ್ಕೆ, ಅವುಗಳಲ್ಲಿ ಒಂದು 2021ರಲ್ಲಿ 37.5 ಲಕ್ಷ ಅಮೆರಿಕನ್ ಡಾಲರಿಗೆ ಹೋಯಿತು.

ಹುಡುಗ ಇದನ್ನೆಲ್ಲ ಚೆನ್ನಾಗಿಯೇ ವಿವರಿಸಿದ. ಕೆಟ್ಟವನಲ್ಲ, ಕೆಲಸ ಬಲ್ಲವನು. ಕಾರ್ಡು ತಿರುಗಿಸಿ, "ಅಯ್ಯೋ, ಹಿಂದೆ ಪೆನ್ನಿನಲ್ಲಿ ಬರೆದುಬಿಟ್ಟಿದ್ದಾರಲ್ಲ, ಇದರಿಂದ ಬೆಲೆ ತುಂಬಾ ಇಳಿಯುತ್ತೆ, 500 ಡಾಲರ್ ಕೊಡಬಹುದು" ಎಂದ.

ಆಗಲೇ ಇವರು ಕೇಳಿದ್ದು. ಓದಿದ್ರಾ?

ಅವನು ಓದಿರಲಿಲ್ಲ. ಗೆರೆ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡಿದ್ದ, ಅಷ್ಟೇ. ನಾನೂ ಓದಿರಲಿಲ್ಲ, ಆಮೇಲೆ ಬಗ್ಗಿ ನೋಡಿದೆ. ಮಕ್ಕಳ ಅಕ್ಷರದಲ್ಲಿ, "ಇದು ನನ್ನದು, ಮುಟ್ಟಬೇಡ". ಬರೆದದ್ದು ಅವರ ತಮ್ಮ, ಅಣ್ಣನಿಗೆ ಕೊಟ್ಟ ಎಚ್ಚರಿಕೆ. ಕಾರ್ಡುಗಳನ್ನು ಗೋಡೆಗೆ ಚಿಮ್ಮಿ ಆಡುತ್ತಿದ್ದ, ಸೈಕಲ್ ಕಡ್ಡಿಗಳಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡುತ್ತಿದ್ದ ಕಾಲ ಅದು. ಆ ತಮ್ಮ ತೀರಿಹೋಗಿ ಎರಡು ತಿಂಗಳಾಯಿತು. ಕಾರ್ಡು ಸಿಕ್ಕಿದ್ದು ಅವನ ಮೇಜಿನ ಖಾನೆಯಲ್ಲಿ.

ವಾಪಸ್ ಬರುವಾಗ ಅವರ ಮಗನ ಫೋನು. ಮೊದಲ ಮಾತೇ "ಎಷ್ಟು ಹೇಳಿದ?" ಹೊಟ್ಟೆ ಉರಿಯಿತು. ಚಿಕ್ಕಪ್ಪ ಅಲ್ವಾ? ಒಂದು ನಿಮಿಷ ಬಿಟ್ಟು ಕೇಳಬಹುದಿತ್ತು. ಇವರು ಮಾತ್ರ ಶಾಂತವಾಗಿ, "ಮಾರಲಿಲ್ಲ, ಅಸಲಿ ಅಂತೆ" ಎಂದರು. ಅಸಲಿ ಹೌದೋ ಅಲ್ವೋ ಅಂತ ತಿಳಿಯುವುದಕ್ಕಷ್ಟೇ ಬಂದಿದ್ದರು ಅಂತ ನನಗೆ ಆಗ ಹೊಳೆಯಿತು. ತಮ್ಮ ನಲವತ್ತೈದು ವರ್ಷ ಕಾಪಾಡಿದ್ದು ನಕಲಿ ಆಗಿರಬಾರದು ಅನ್ನುವ ಆಸೆ.

ಕುಂದಿಲ್ಲದ ಆ ಕಾರ್ಡನ್ನು ನೆನೆಯುತ್ತೇನೆ. ಯಾರ ಜೇಬಿಗೂ ಹೋಗಿಲ್ಲ. ಯಾವ ಹುಡುಗನೂ ಅದನ್ನು ದಿಂಬಿನ ಕೆಳಗೆ ಇಟ್ಟು ಮಲಗಿಲ್ಲ. ಅಂಥದ್ದಕ್ಕೇ ಜಾಸ್ತಿ ಬೆಲೆ ಅಂದರೆ ನನಗೆ ಒಪ್ಪಲು ಆಗುವುದಿಲ್ಲ, ಎಷ್ಟು ವಿವರಿಸಿದರೂ.

ನಾನು, ನಮ್ಮಣ್ಣ ತೀರ್ಥಹಳ್ಳಿಯಲ್ಲಿ ಬೆಂಕಿಪೊಟ್ಟಣದ ಚಿತ್ರ ಕೂಡಿಡುತ್ತಿದ್ದೆವು. ತಗಡಿನ ಡಬ್ಬಿ ಅವನದು. ಮುಚ್ಚಳದ ಮೇಲೆ ಮೊಳೆಯಲ್ಲಿ ಗೀಚಿ ಹೆಸರು ಬರೆದಿದ್ದ. ನಾನು ಕದ್ದು ತೆರೆಯುತ್ತಿದ್ದೆ, ಏಟು ತಿನ್ನುತ್ತಿದ್ದೆ. ನಿನ್ನೆ ರಾತ್ರಿ ಊರಿಗೆ ಫೋನ್ ಮಾಡಿ, "ಅಣ್ಣಾ, ಆ ಡಬ್ಬಿ ಇದೆಯೇನೋ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀನು ಬೆಂಗಳೂರಿಗೆ ಓದೋಕೆ ಹೋಗುವಾಗ ನಿನ್ನ ಟ್ರಂಕಿನಲ್ಲಿ ಇಟ್ಟಿದ್ನಲ್ಲೋ, ನೋಡಲೇ ಇಲ್ವಾ?" ಎಂದ.