72 ಗಂಟೆಯ ಲೆಕ್ಕ

ಇವತ್ತು ಕ್ಯಾಲಿಫೋರ್ನಿಯಾದ ಒಂದು ಕೌಂಟಿ (ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ) ರಾಜಧಾನಿ ಸ್ಯಾಕ್ರಮೆಂಟೋದಲ್ಲಿರೋ ರಾಜ್ಯದ ಶಾಸನಸಭೆಗೆ ಬರೆದ ಪತ್ರ ಕಣ್ಣಿಗೆ ಬಿತ್ತು.
ಮೇಲೆ ಮಸೂದೆ ಸಂಖ್ಯೆ, ಪಕ್ಕದಲ್ಲೇ ಯಾವತ್ತು ತಿದ್ದಿದ ಪಠ್ಯ ಅಂತ ತಾರೀಖು, ಆಮೇಲೆ ನಿಲುವು: "ತಿದ್ದದಿದ್ದರೆ ವಿರೋಧ".

ಆ ತಾರೀಖೇ ಮುಖ್ಯ. ಮಸೂದೆ ಮತ್ತೆ ಬದಲಾದ್ರೆ ಹಳೇ ಪಠ್ಯದ ಮೇಲಿನ ಆಕ್ಷೇಪಣೆಗೆ ಕವಡೆ ಕಿಮ್ಮತ್ತಿಲ್ಲ.

ಪತ್ರ ಸಾಮಾನ್ಯವಾಗಿ ಮಸೂದೆಯ ವಿಚಾರಣೆಗೆ ಒಂದು ವಾರ ಮೊದಲೇ ಶಾಸನಸಭೆಯ ಸಮಿತಿಗೆ ತಲುಪಬೇಕು. ತಡವಾದ್ರೆ ಸಿಬ್ಬಂದಿ ಬರೆಯೋ ವಿಶ್ಲೇಷಣೆಯ ಪರ-ವಿರೋಧ ಪಟ್ಟಿಯಲ್ಲಿ ಕೌಂಟಿ ಹೆಸರೇ ಇರಲ್ಲ.

ನಿಜವಾದ ಫಜೀತಿ ಅಧಿವೇಶನದ ಕೊನೇ ವಾರದಲ್ಲಿ. 2016ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 54 ಪ್ರಕಾರ ಮಸೂದೆಯ ಅಂತಿಮ ಪಠ್ಯ ಮತಕ್ಕೆ 72 ಗಂಟೆ ಮುಂಚೆ ಪ್ರಕಟವಾಗಬೇಕು. ಇತ್ತ ಕೌಂಟಿಯ ನಿಲುವಿಗೆ ಅದರ ಬೋರ್ಡ್, ಅಂದ್ರೆ ಆಡಳಿತ ಮಂಡಳಿ, ಒಪ್ಪಬೇಕು. ಸ್ಥಳೀಯ ಸಂಸ್ಥೆಗಳ ಸಭೆ ಬಹಿರಂಗವಾಗಿರಬೇಕು ಅನ್ನೋ ಬ್ರೌನ್ ಕಾಯ್ದೆ ಪ್ರಕಾರ ಬೋರ್ಡಿನ ಮಾಮೂಲಿ ಸಭೆಯ ಅಜೆಂಡಾನೂ 72 ಗಂಟೆ ಮುಂಚೆ ಹಾಕಬೇಕು!
ಇವರು ಸಭೆ ಸೇರೋ ಹೊತ್ತಿಗೆ ಅಲ್ಲಿ ವೋಟೇ ಮುಗಿದಿರಬಹುದು.
(ವಿಶೇಷ ಸಭೆಗೆ 24 ಗಂಟೆ ಸಾಕು. ಒಂದು ಮಸೂದೆಗೋಸ್ಕರ ಯಾರು ಕರೀತಾರೆ ಹೇಳಿ?)

ಅದಕ್ಕೇ ಎಷ್ಟೋ ಕೌಂಟಿಗಳು ತಮ್ಮ ನಿಲುವುಗಳ ದಾಖಲೆಯೊಂದಕ್ಕೆ ಮೊದಲೇ ಬೋರ್ಡ್ ಒಪ್ಪಿಗೆ ಪಡೆದಿಟ್ಟಿರ್ತವೆ. ವಿಷಯ ಅದರೊಳಗೆ ಬಂದ್ರೆ ಸಭೆಗೆ ಕಾಯದೆ ಪತ್ರ ಹೊರಡುತ್ತೆ. ದುಡ್ಡು ಕೊಡದೆ ಕೆಲಸ ಮಾತ್ರ ಹೇರೋ ಮಸೂದೆಗೆ ವಿರೋಧ ಅನ್ನೋ ಸಾಲು ಅಲ್ಲಿ ಬಹುತೇಕ ಖಾಯಂ.