ಅಪ್ಪನ ಕಲ್ಲು, ಬಾವಲಿಯ ಕಲ್ಲು

ಅಪ್ಪ ತೀರ್ಥಹಳ್ಳಿಯಿಂದ ಆಸ್ಟ್ರೇಲಿಯಾದ ಬ್ಯಾಲರಾಟ್‌ಗೆ ಬಂದು ಎರಡು ವಾರವಾಗಿತ್ತು. ಚಳಿಗೆ ಹೊರಗೆ ಹೋಗುವ ಹಾಗಿಲ್ಲ, ಟಿವಿ ಅರ್ಥವಾಗುವುದಿಲ್ಲ. ಆ ಭಾನುವಾರ ಪಕ್ಕದ ಮನೆಯ ಅಜ್ಜ ಚಹಾಕ್ಕೆ ಕರೆದರು. ಅವರಿಗೆ ಕಲ್ಲು ಕೂಡಿಡುವ ಹುಚ್ಚು.

ಟ್ರೇ ಮೇಲೆ ಟ್ರೇ ಬಂತು. ಅಪ್ಪ ಮರ್ಯಾದೆಗೆ ತಲೆಯಾಡಿಸುತ್ತಿದ್ದರು. ಕೊನೆಗೆ ಕಡ್ಡಿಪೆಟ್ಟಿಗೆಯಷ್ಟು ಡಬ್ಬಿಯೊಂದು ಹೊರಬಂತು. ಒಳಗೆ ಕಂದು ಪುಡಿ, ಅದರ ನಡುವೆ ನುಚ್ಚಕ್ಕಿಯಂಥ ಹರಳುಗಳು.

“ಇದು ಬಾವಲಿ ಹಿಕ್ಕೆಯಲ್ಲಿ ಹುಟ್ಟಿದ್ದಂತೆ ಅಪ್ಪ” ಎಂದೆ.

ಅಪ್ಪ ನೆಟ್ಟಗೆ ಕೂತರು. ಅಡಿಕೆ ತೋಟದವರಿಗೆ ಗೊಬ್ಬರದ ಮಾತೆಂದರೆ ಹಾಗೇ ಅಲ್ವಾ?

ಹರಳು ಬಂದದ್ದು ಸ್ಕಿಪ್ಟನ್ ಗುಹೆಯಿಂದ. ನಮ್ಮಲ್ಲಿಂದ ಸುಮಾರು 50 ಕಿಲೋಮೀಟರ್. ಲಾವಾ ಹರಿದು ಒಳಗೆ ಟೊಳ್ಳಾದ ಗುಹೆ ಅದು. ಸುಣ್ಣದ ಕಲ್ಲಿನ ಗುಹೆಯಾದರೆ ಹಿಕ್ಕೆಯ ರಂಜಕಕ್ಕೆ ಕ್ಯಾಲ್ಸಿಯಂ ಸಿಕ್ಕಿ ಬ್ರಷೈಟ್‌ನಂಥ ಖನಿಜವಾಗುತ್ತದೆ. ಇಲ್ಲಿ ಸುಣ್ಣದ ಕಲ್ಲಿಲ್ಲ. ರಂಜಕ, ಮೆಗ್ನೀಸಿಯಂ, ಅಮೋನಿಯ ಸೇರಿ ಬೇರೆಯೇ ಹರಳು ಕಟ್ಟಿದವು. 1879ರಲ್ಲಿ ಜರ್ಮನಿಯ ಖನಿಜಶಾಸ್ತ್ರಜ್ಞ ಫೋಮ್ ರಾಟ್ ಇಲ್ಲಿಯ ಎರಡು ಹೊಸ ಖನಿಜಗಳಿಗೆ ಹೆಸರಿಟ್ಟ: ನ್ಯೂಬೆರೈಟ್, ಹ್ಯಾನೈಟ್. ಎರಡನೆಯದು ಹ್ಯಾನೇ ಎಂಬ ರಸಾಯನಶಾಸ್ತ್ರಜ್ಞನ ಹೆಸರು. ಮರುವರ್ಷವೇ ಈತ ಕೃತಕ ವಜ್ರ ಮಾಡಿದೆ ಎಂದು ಹೇಳಿಕೊಂಡ. ವಜ್ರದ ಕಥೆ ಕೊನೆಗೆ ನಿಲ್ಲಲಿಲ್ಲ, ಹಿಕ್ಕೆಯ ಹರಳಲ್ಲಿ ಹೆಸರು ಉಳಿಯಿತು.

ಅಜ್ಜ ಇನ್ನೊಂದು ಹರಳು ತೋರಿಸಿದರು. ಮೈಯೆಲ್ಲ ಸುಣ್ಣ ಬಳಿದ ಹಾಗೆ ಮಂಕಾಗಿತ್ತು. “ಸ್ಟ್ರುವೈಟ್. ಇದರಲ್ಲೂ ಅದೇ ರಂಜಕ, ಮೆಗ್ನೀಸಿಯಂ, ಅಮೋನಿಯ. ಒಣಗಾಳಿಗೆ ಬಿಟ್ಟರೆ ಹೀಗಾಗುತ್ತೆ. ಅಮೋನಿಯ ಹಾರಿಹೋದರೆ ನ್ಯೂಬೆರೈಟ್ ಕೂಡ ಆಗಬಹುದು.”

ಈ ಹೆಸರು ಎಲ್ಲೋ ಕೇಳಿದ್ದೆ. ಹೌದು, ಅಪ್ಪನ ಲ್ಯಾಬ್ ರಿಪೋರ್ಟ್! ಮೂರು ವರ್ಷದ ಹಿಂದೆ ಕಿಡ್ನಿ ಸ್ಟೋನ್ ಆಗಿ, ಬಾಳೆದಿಂಡಿನ ರಸ ಕುಡಿದು ಕುಡಿದು ಸಾಕಾಗಿ, ಕೊನೆಗೆ ಆಪರೇಷನ್ ಆಗಿತ್ತು. ಸೋಂಕಿನಿಂದ ಬೆಳೆದ ಕಲ್ಲು, ಸ್ಟ್ರುವೈಟ್ ಎಂದು ಬರೆದಿದ್ದರು.

ಅಪ್ಪನಿಗೆ ಹೇಳಿದೆ. ಅವರು ಹರಳನ್ನೇ ಸ್ವಲ್ಪ ಹೊತ್ತು ನೋಡಿದರು. “ನಂದು ಇದಕ್ಕಿಂತ ದೊಡ್ಡದು ಅಂತ ಹೇಳು ಅವರಿಗೆ.”

ಹೇಳಿದೆ. ಅಜ್ಜ ನಗಲಿಲ್ಲ. ಇಟ್ಟುಕೊಂಡಿದ್ದೀರಾ ಎಂದು ಗಂಭೀರವಾಗಿ ಕೇಳಿದರು. 1845ರಲ್ಲಿ ಈ ಖನಿಜವನ್ನು ಮೊದಲು ಗುರುತಿಸಿದ್ದೂ ಹ್ಯಾಂಬರ್ಗಿನ ಚರ್ಚೊಂದರ ಅಡಿಯ ಹಳೇ ಗೊಬ್ಬರದ ಮಣ್ಣಲ್ಲಂತೆ. ಅವರ ಲೆಕ್ಕದಲ್ಲಿ ಗಲೀಜು ಅನ್ನೋದೇ ಇಲ್ಲ.

ಇಟ್ಟುಕೊಂಡಿದ್ದರು. ಶೋಕೇಸಲ್ಲಿ, ಹಳೇ ಕುಂಕುಮದ ಭರಣಿಯೊಳಗೆ. ರಾತ್ರಿಯೇ ಅಮ್ಮನಿಗೆ ಫೋನ್ ಹಚ್ಚಿ, ಜೋಪಾನವಾಗಿ ಇಡು ಎಂದರು.

“ಅದಾ?” ಎಂದರು ಅಮ್ಮ. “ದೀಪಾವಳಿಗೆ ಶೋಕೇಸ್ ಒರೆಸುವಾಗಲೇ ದಾಸವಾಳದ ಬುಡಕ್ಕೆ ಎಸೆದೆ.”

ಅಪ್ಪ ಫೋನ್ ಕೆಳಗಿಟ್ಟರು. ಈಗ ಚರಂಡಿ ನೀರಿಂದಲೂ ಸ್ಟ್ರುವೈಟ್ ತೆಗೆದು ಗೊಬ್ಬರವಾಗಿ ಮಾರುತ್ತಾರೆ ಎಂದು ಸಮಾಧಾನಕ್ಕೆ ಹೇಳಿದೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಫೋನ್ ಎತ್ತಿಕೊಂಡರು. “ಕೇಳಿಸ್ತಾ? ದಾಸವಾಳ ಹೇಗಿದೆ ಈಗ?”